ನೀರಿನ ಮೇಲೆ ಕಾಲಿಡುವ ಮುನ್ನ

ನಿವೃತ್ತನಾದವನಿಗೆ ಮನೆಯಲ್ಲಿ ಕೆಲಸವಿರುವುದಿಲ್ಲವೆಂದು ಯಾರು ಹೇಳಿದರೋ ಕಾಣೆ. ಬ್ಯಾಂಕಿನಲ್ಲಿ ಸರದಿ ಕಾಯುವುದು, ಗ್ಯಾಸ್ ಸಿಲಿಂಡರಿನವನಿಗೆ ಬಾಗಿಲು ತೆರೆಯುವುದು, ಊರಿಗೆ ಹೊರಟವರಿಗೆ ಟಿಕೆಟ್ಟು ಹೊಂದಿಸುವುದು ಇವೆಲ್ಲ ತಾವಾಗಿಯೇ ಅವನ ಪಾಲಿಗೆ ಬಂದು ಸೇರುತ್ತವೆ. ಜಯನಗರದ ನಮ್ಮ ಮನೆಯಲ್ಲಿ ಈಚೆಗೆ ನನಗೆ ಒದಗಿದ ಕೆಲಸ ಮಾತ್ರ ತುಸು ವಿಚಿತ್ರವಾದುದು. ನನ್ನ ಮೊಮ್ಮಗಳಿಗೆ ಹದಿಮೂರು ವರ್ಷ. ಬೆಳಗಿನ ಐದೂವರೆಗೆ ಎದ್ದು, ಜೆ.ಪಿ. ನಗರದ ಒಂದು ಅಂಗಳಕ್ಕೆ ಹೋಗಿ, ಕಾಲಿಗೆ ಗಾಲಿಯ ಬೂಟು ಕಟ್ಟಿಕೊಂಡು ಹತ್ತಾರು ಸುತ್ತು ಹಾಕಿ ಬರುವುದು ಅವಳ ನಿತ್ಯವಿಧಿ. ಒಂದು ಸಂಜೆ ಅವಳು ನನ್ನ ಮೇಜಿನ ಬಳಿ ನಿಂತು, “ತಾತ, ಲಡಾಖಿನಲ್ಲಿ ಚಳಿಗಾಲಕ್ಕೆ ಕೆರೆ ಪೂರ್ತಿ ಗಟ್ಟಿಯಾಗುತ್ತಂತೆ. ಈ ಸಲ ಅದರ ಮೇಲೆ ಸ್ಕೇಟಿಂಗ್ ಮಾಡಬೇಕು. ಅಪ್ಪನಿಗೆ ಪುರುಸೊತ್ತಿಲ್ಲ, ನೀವೇ ಪ್ಲಾನ್ ಹಾಕಿಕೊಡಿ” ಎಂದಳು.

ಕನ್ನಡ ಎಂ.ಎ. ಮಾಡಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಹಿಮಾಲಯವೆಂದರೆ ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಕಂಡ ಹಿಮಾಲಯ. ಹೆಪ್ಪುಗಟ್ಟಿದ ಕೆರೆಯೆಂದರೆ ಬಿ.ಎ. ತರಗತಿಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಓದಿ ಹೇಳಿದ ವರ್ಡ್ಸ್‌ವರ್ತನ ‘ಪ್ರಿಲ್ಯೂಡ್’ ಕಾವ್ಯದ ಭಾಗ. ಬಾಲಕನಾದ ಕವಿ ಸಂಜೆಗತ್ತಲಲ್ಲಿ ಗೆಳೆಯರೊಡನೆ ಮಂಜಿನ ಮೇಲೆ ಜಾರುತ್ತ ಹೋಗಿ ತಟ್ಟನೆ ನಿಂತಾಗ, ಸುತ್ತಲಿನ ಬೆಟ್ಟಗಳು ತನ್ನನ್ನು ಬಿಟ್ಟು ಇನ್ನೂ ತಿರುಗುತ್ತಲೇ ಇದ್ದಂತೆ ಕಂಡವೆಂದು ಅಲ್ಲಿ ಹೇಳುತ್ತಾನೆ. ಆ ಪಾಠ ಕೇಳಿದ ದಿನ ನಾವು ಯಾರೂ ಮಂಜುಗಡ್ಡೆಯನ್ನು ಷರಬತ್ತಿನ ಲೋಟದ ಹೊರಗೆ ಕಂಡವರಲ್ಲ.

ಆದರೂ ನಾನು ಕೂಡಲೇ ಒಪ್ಪಲಿಲ್ಲ. ಅದಕ್ಕೆ ಕಾರಣ ಪುಸ್ತಕದ್ದಲ್ಲ, ನಮ್ಮೂರಿನ ಕೆರೆಯದು. ನಾನು ಎಂಟು ಒಂಬತ್ತು ವರ್ಷದವನಿದ್ದಾಗ ನಮ್ಮೂರ ಕೆರೆಯ ಒಂದು ಮಗ್ಗುಲನ್ನು ಅಂತರಗಂಗೆ ಮುಚ್ಚಿಕೊಂಡಿತ್ತು. ನೋಡಿದವರಿಗೆ ಅದು ಹಸುರು ಹುಲ್ಲುಗಾವಲಿನಂತೆಯೇ ಕಾಣುತ್ತಿತ್ತು. ನಮ್ಮ ಮನೆಯ ಕಡಸು ಒಂದು ಮಧ್ಯಾಹ್ನ ಅದನ್ನು ನೆಲವೆಂದೇ ಬಗೆದು ಕಾಲಿಟ್ಟಿತು. ನಾಲ್ಕು ಹೆಜ್ಜೆ ಹೋದ ಮೇಲೆ ಹಸುರು ಬಿರಿಯಿತು. ಹಗ್ಗ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದನ ಕಾಯುವ ಮುದುಕ ದಡದಲ್ಲಿ ಕುಕ್ಕರಿಸಿ, “ನೀರು ಹೊದ್ಕೊಂಡು ಮಲಗಿದ್ರೆ ನಂಬಬಾರ್ದಪ್ಪ” ಎಂದದ್ದು ಇಂದಿಗೂ ಕಿವಿಯಲ್ಲಿದೆ. ಈಗ ನನ್ನ ಮೊಮ್ಮಗಳು ಹೊದ್ದು ಮಲಗಿದ ನೀರಿನ ಮೇಲೆಯೇ ಓಡುತ್ತೇನೆನ್ನುತ್ತಾಳೆ. ಆದುದರಿಂದ ಯೋಜನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಆ ಹೊದಿಕೆಯ ಸ್ವಭಾವವನ್ನು ತಿಳಿಯಬೇಕೆಂದು ನಿಶ್ಚಯಿಸಿದೆ. ಎರಡು ತಿಂಗಳ ಆ ವ್ಯಾಸಂಗದ ಸಾರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಮಾತಿನ ವಿಷಯ. ಕನ್ನಡದಲ್ಲಿ ಮಂಜು ಎಂಬ ಒಂದೇ ಪದ ಹುಲ್ಲಿನ ಮೇಲಿನ ಇಬ್ಬನಿಗೂ, ದಾರಿಗಾಣಿಸದ ಕಾವಳಕ್ಕೂ, ಹಿಮಾಲಯದ ಹಿಮಕ್ಕೂ ಸಲ್ಲುತ್ತದೆ. ನಮ್ಮ ಸೀಮೆಗೆ ಅಷ್ಟು ಸಾಕಾಗಿತ್ತು. ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನ 1884ರ ಜನವರಿ 13. ಅಂದು ಕೂಡ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಲಿಲ್ಲ. ಯಡಿಯೂರು ಕೆರೆಯಾಗಲಿ ಲಾಲ್‌ಬಾಗಿನ ಕೆರೆಯಾಗಲಿ ಗಟ್ಟಿಯಾಗುವ ಮಾತೇ ಇಲ್ಲ. ಆದುದರಿಂದ ನೀರು ಗಟ್ಟಿಯಾಗುವುದನ್ನು ಹೇಳಲು ನಾವು ಅಡುಗೆಮನೆಯಿಂದ ಪದವನ್ನು ತಂದೆವು: ಹೆಪ್ಪುಗಟ್ಟುವುದು. ಇದು ಹಾಲಿನ ಮಾತು. ವಿನೋದವೆಂದರೆ, ಡಿಸೆಂಬರಿನ ಚಳಿಯಲ್ಲಿ ನಮ್ಮ ಮನೆಯ ಹಾಲು ಬೇಗನೆ ಹೆಪ್ಪಾಗುವುದಿಲ್ಲ. ನನ್ನಾಕೆ ಪಾತ್ರೆಯನ್ನು ಅಕ್ಕಿಯ ಡಬ್ಬದಲ್ಲಿ ಹುದುಗಿಸಿ ಬೆಚ್ಚಗಿಡುತ್ತಾಳೆ. ಹಾಲಿಗೆ ಬೇಕಾದದ್ದು ಬಿಸುಪು, ನೀರಿಗೆ ಬೇಕಾದದ್ದು ಚಳಿ. ಎರಡಕ್ಕೂ ಸಮಾನವಾದದ್ದು ಒಂದುಂಟು: ಹೊತ್ತು. ಹೆಪ್ಪು ಹಾಕಿದ ಮೇಲೆ ಕಾಯಬೇಕು. ಅವಸರಪಟ್ಟು ಪಾತ್ರೆಯನ್ನು ಅಲುಗಿಸಬಾರದು.

ಹೀಗೆಂದು ದಕ್ಷಿಣದವರಿಗೂ ಹೆಪ್ಪುಗಟ್ಟಿದ ಕೆರೆಗೂ ಏನೇನೂ ನಂಟಿರಲಿಲ್ಲವೆನ್ನುವಂತಿಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ, ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಯಾನದಲ್ಲಿ ಕರಗಿದಷ್ಟು ಕರಗಿ, ನೂರು ಟನ್ನಿನಷ್ಟು ಉಳಿದು ಬಂತು. ಮುಂದೆ ಆ ವ್ಯಾಪಾರ ಮದರಾಸಿಗೂ ಹಬ್ಬಿತು. ಅಲ್ಲಿನ ಕಡಲತೀರದಲ್ಲಿ ಆ ಗಡ್ಡೆಗಳನ್ನು ಕೂಡಿಡಲು ಕಟ್ಟಿದ ‘ಐಸ್ ಹೌಸ್’ ಇಂದು ವಿವೇಕಾನಂದರ ಹೆಸರಿನ ಸ್ಮಾರಕವಾಗಿ ನಿಂತಿದೆ. ನೂರೈವತ್ತು ವರ್ಷಗಳ ಹಿಂದೆ ಕೆರೆಯೇ ನಮ್ಮ ಬಳಿಗೆ ಬಂದಿತ್ತು. ಈಗ ನಮ್ಮ ಮಕ್ಕಳು ಕೆರೆಯ ಬಳಿಗೆ ಹೋಗುತ್ತೇವೆನ್ನುತ್ತಾರೆ.

ಇನ್ನು ಹೊದಿಕೆಯ ಸ್ವಭಾವ. ಬಹುತೇಕ ದ್ರವಗಳು ತಣಿದಷ್ಟೂ ಕುಗ್ಗುತ್ತವೆ, ಭಾರವಾಗುತ್ತವೆ. ನೀರು ಸುಮಾರು 4 ಡಿಗ್ರಿಯವರೆಗೆ ಹಾಗೆಯೇ ನಡೆದುಕೊಂಡು, ಅಲ್ಲಿಂದ ಮುಂದೆ ಹಟ ಹಿಡಿದು ಹಿಗ್ಗತೊಡಗುತ್ತದೆ. ಚಳಿಗಾಲ ಬಂದಾಗ ಕೆರೆಯ ಮೇಲಿನ ನೀರು ತಣಿದು ಕೆಳಕ್ಕಿಳಿಯುತ್ತದೆ, ಕೆಳಗಿನದು ಮೇಲಕ್ಕೇರುತ್ತದೆ. ಇಡೀ ಕೆರೆ 4 ಡಿಗ್ರಿಗೆ ಬಂದ ಬಳಿಕ ಈ ಏರಿಳಿತ ನಿಲ್ಲುತ್ತದೆ. ಆಮೇಲೆ ಇನ್ನೂ ತಣಿದ ನೀರು ಹಗುರಾಗಿ ಮೇಲೆಯೇ ಉಳಿದು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಗಾತ್ರ ನೂರಕ್ಕೆ ಒಂಬತ್ತರಷ್ಟು ಹೆಚ್ಚುವುದರಿಂದ ಗಡ್ಡೆ ತೇಲುತ್ತದೆ. ಹೀಗೆ ಕೆರೆ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ. ತಳದಲ್ಲಿ ಮೀನುಗಳು ಬದುಕಿರುತ್ತವೆ. ನೀರಿಗೆ ಈ ಹಟವಿಲ್ಲದಿದ್ದರೆ ಶೀತದೇಶದ ಕೆರೆಗಳು ತಳದಿಂದಲೇ ಕಲ್ಲಾಗಿ, ಅಲ್ಲಿ ಜೀವವೇ ಉಳಿಯುತ್ತಿರಲಿಲ್ಲ.

ಪದರ ಕಟ್ಟಿದ ಮೇಲೆ ಇನ್ನೊಂದು ಸಂಗತಿ. ಆ ಪದರವೇ ಕೆಳಗಿನ ನೀರಿಗೆ ಕಂಬಳಿಯಾಗುತ್ತದೆ. ಮೇಲಿನ ಚಳಿ ಅದನ್ನು ದಾಟಿ ಕೆಳಗಿಳಿಯಬೇಕು. ಆದುದರಿಂದ ಪದರ ದಪ್ಪವಾದಷ್ಟೂ ಬೆಳೆಯುವುದು ನಿಧಾನ. ಆಸ್ಟ್ರಿಯದ ವಿಜ್ಞಾನಿ ಯೋಸೆಫ್ ಸ್ಟೆಫಾನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದರ ಲೆಕ್ಕವನ್ನು ಕೊಟ್ಟ. ಚಳಿ ಒಂದೇ ಸಮನಾಗಿದ್ದು, ಒಂದಂಗುಲ ಕಟ್ಟಲು ಒಂದು ರಾತ್ರಿ ಸಾಕಾದರೆ, ಎರಡಂಗುಲಕ್ಕೆ ಎರಡಲ್ಲ, ಸುಮಾರು ನಾಲ್ಕು ರಾತ್ರಿ ಬೇಕು, ನಾಲ್ಕಂಗುಲಕ್ಕೆ ಹದಿನಾರು. ಮೇಲೆ ಹಿಮ ಬಿದ್ದರಂತೂ ಕಂಬಳಿಯ ಮೇಲೆ ರಜಾಯಿ ಹೊದಿಸಿದಂತಾಗಿ ಬೆಳವಣಿಗೆ ಮತ್ತೂ ಕುಂಠಿತವಾಗುತ್ತದೆ. ಕೆರೆಯ ಮೇಲೆ ಆಡುವವರು ಬಿದ್ದ ಹಿಮವನ್ನು ಕೂಡಲೇ ಗುಡಿಸಿ ಹಾಕುವುದು ಜಾರಲಿಕ್ಕಾಗಿ ಮಾತ್ರವಲ್ಲ.

ಈ ಲೆಕ್ಕ ನನ್ನ ಮೊದಲ ಯೋಜನೆಯನ್ನು ತಲೆಕೆಳಗು ಮಾಡಿತು. ಕ್ರಿಸ್‌ಮಸ್ ರಜೆಯಲ್ಲಿ ಹೋಗಿಬರಬಹುದೆಂದು ನಾವೆಲ್ಲ ಎಣಿಸಿದ್ದೆವು. ಶಾಲೆಯ ಕ್ಯಾಲೆಂಡರಿಗೂ ಕೆರೆಯ ಕ್ಯಾಲೆಂಡರಿಗೂ ಹೊಂದಿಕೆಯಿಲ್ಲ. ಡಿಸೆಂಬರಿನಲ್ಲಿ ಕೆರೆ ಇನ್ನೂ ಕಟ್ಟುತ್ತಿರುತ್ತದೆ. ನೆಚ್ಚಿಕೆ ಬರುವುದು ಜನವರಿಯ ನಡುವಿನಿಂದ ಮೇಲೆ. ಲೇಹ್ ಪಟ್ಟಣದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ನೋಡಿ: 2024ರಲ್ಲಿ ಫೆಬ್ರವರಿ 2ರಿಂದ 6ರವರೆಗೆ, 2025ರಲ್ಲಿ ಜನವರಿ 23ರಿಂದ 27ರವರೆಗೆ. ನಾವು ಸಂಕ್ರಾಂತಿಯ ಎಳ್ಳು ಬೀರಿ, ಗಣರಾಜ್ಯದಿನದ ರಜೆಯನ್ನು ಒಳಗೊಳ್ಳುವಂತೆ ದಿನ ಗೊತ್ತುಮಾಡಿ, ಶಾಲೆಗೆ ರಜೆಯ ಅರ್ಜಿ ಬರೆದೆವು.

ಎಲ್ಲಿಗೆ ಹೋಗಬೇಕೆಂಬುದು ಮುಂದಿನ ಪ್ರಶ್ನೆ. ಶಿಮ್ಲಾದಲ್ಲಿ 1920ರಿಂದ ಒಂದು ಬಯಲು ಅಂಗಳವಿದೆ. ಸಂಜೆ ಅಂಗಳಕ್ಕೆ ನೀರು ಹಾಯಿಸಿದರೆ ರಾತ್ರಿಯ ಚಳಿಗೆ ಗಟ್ಟಿಯಾಗುತ್ತದೆ, ಬೆಳಗ್ಗೆ ಜನ ಜಾರುತ್ತಾರೆ. ತಳದಲ್ಲಿ ನೆಲವಿರುವುದರಿಂದ ಮುಳುಗುವ ಭಯವಿಲ್ಲ. ಆದರೆ ಈಚಿನ ಚಳಿಗಾಲಗಳು ಬೆಚ್ಚಗಾಗಿ, ಅಂಗಳ ತೆರೆದಿರುವ ದಿನಗಳು ಕಡಿಮೆಯಾಗುತ್ತ ಬಂದಿವೆ. ಡೆಹ್ರಾಡೂನಿನಲ್ಲಿ 2011ರಲ್ಲಿ ಕಟ್ಟಿ, ಬಹುಕಾಲ ಮುಚ್ಚಿದ್ದು, 2025ರಲ್ಲಿ ಮತ್ತೆ ತೆರೆದ ‘ಹಿಮಾದ್ರಿ’ ಎಂಬ ಚಾವಣಿಯ ಕೆಳಗಿನ ಅಂಗಳವುಂಟು. ಅದು ಯಂತ್ರದ ಮಂಜು. ಕಾಶ್ಮೀರದ ದಾಲ್ ಸರೋವರವನ್ನು ನಾನು ಮೊದಲೇ ಹೊಡೆದುಹಾಕಿದೆ. 2021ರ ಜನವರಿಯಲ್ಲಿ ಶ್ರೀನಗರದ ಉಷ್ಣತೆ ಸೊನ್ನೆಗಿಂತ 8.4 ಡಿಗ್ರಿ ಕೆಳಗಿಳಿದು, ಮೂವತ್ತು ವರ್ಷಗಳಲ್ಲಿ ಕಾಣದ ಚಳಿಯಾಗಿ ಸರೋವರ ಹೆಪ್ಪುಗಟ್ಟಿದಾಗಲೂ, ಅದರ ಮೇಲೆ ನಡೆಯಬೇಡಿರೆಂದು ಅಧಿಕಾರಿಗಳು ಜನರನ್ನು ಎಚ್ಚರಿಸಬೇಕಾಯಿತು. ಹೊದಿಕೆಯೆಲ್ಲ ನೆಲವಲ್ಲ.

ಮೊಮ್ಮಗಳ ಮನಸ್ಸು ಪಾಂಗಾಂಗ್ ಸರೋವರದ ಮೇಲಿತ್ತು. ಉಪ್ಪುನೀರಾದರೂ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ; 2023ರ ಫೆಬ್ರವರಿ 20ರಂದು ಅದರ ಮೇಲೆ 21 ಕಿಲೋಮೀಟರಿನ ಓಟವನ್ನೇ ನಡೆಸಿದರು. ಆದರೆ ಅದಿರುವುದು ಸಮುದ್ರಮಟ್ಟದಿಂದ 4,200 ಮೀಟರಿಗೂ ಮೇಲೆ. ಹೋಗುವ ದಾರಿಯ ಚಾಂಗ್ ಲಾ ಕಣಿವೆ 5,300 ಮೀಟರನ್ನು ಮೀರುತ್ತದೆ. ಬೆಂಗಳೂರಿನ 920 ಮೀಟರಿನಲ್ಲಿ ಬೆಳೆದ ಶ್ವಾಸಕೋಶಕ್ಕೆ ಒಂದು ವಾರದಲ್ಲಿ ಅದು ಸಲ್ಲದ ಸಾಹಸ. ಕೊನೆಗೆ ಲೇಹ್ ಪಟ್ಟಣದ ಅಂಚಿನ ಗುಪುಕ್ ಕೊಳವನ್ನು ಗೊತ್ತುಮಾಡಿದೆವು. ಕ್ರೀಡಾಕೂಟದ ಸ್ಪರ್ಧೆಗಳೂ ನಡೆದಿರುವ ಜಾಗ. ಊರಿನವರ ಕಣ್ಣಿರುವ ನೀರು.

ಲೇಹ್ ಕೂಡ ತಗ್ಗಿನ ಊರಲ್ಲ. ಅದರ ಎತ್ತರ ಸುಮಾರು 3,500 ಮೀಟರು. ಅಲ್ಲಿ ಒಂದು ಉಸಿರಿಗೆ ಒದಗುವ ಪ್ರಾಣವಾಯು ಸಮುದ್ರತೀರದಲ್ಲಿ ಒದಗುವುದರ ಮೂರನೆಯ ಎರಡು ಪಾಲು ಮಾತ್ರ. ಚಳಿಗಾಲದಲ್ಲಿ ಕಣಿವೆಯ ರಸ್ತೆಗಳನ್ನು ನೆಚ್ಚುವಂತಿಲ್ಲವಾಗಿ ವಿಮಾನವೇ ಗತಿ. ಬೆಳಗ್ಗೆ ದೆಹಲಿಯಲ್ಲಿದ್ದ ದೇಹ ಒಂದೂವರೆ ಗಂಟೆಯಲ್ಲಿ ಅಷ್ಟೆತ್ತರಕ್ಕೆ ಏರಿದಾಗ ಒಳಗಿನ ವ್ಯವಸ್ಥೆಗೆ ಅದು ತಿಳಿಯುವುದೇ ತಡವಾಗಿ. ಆದುದರಿಂದ ಮೊದಲ ನಲವತ್ತೆಂಟು ಗಂಟೆ ವಿಶ್ರಾಂತಿ ಎಂಬುದು ಸಲಹೆಯಲ್ಲ, ನಿಯಮ. ತಲೆನೋವು, ಓಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಸುಮ್ಮನೆ ಕುಳಿತಾಗಲೂ ಏದುಸಿರು, ತೂರಾಡುವ ನಡಿಗೆ, ಮಾತಿನ ಗೊಂದಲ ಕಂಡರೆ ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿರಬಹುದು. ಆಗ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು, ಕೆಳಕ್ಕಿಳಿಸಬೇಕು. ಮಕ್ಕಳು ಆಟ ತಪ್ಪೀತೆಂದು ತಲೆನೋವನ್ನು ಮುಚ್ಚಿಡುವುದುಂಟು. ಹಾಗೆ ಮುಚ್ಚಿಡುವುದಿಲ್ಲವೆಂದು ಮೊಮ್ಮಗಳಿಂದ ಕೈಮೇಲೆ ಕೈಯಿಡಿಸಿ ಮಾತು ತೆಗೆದುಕೊಂಡೆ. ಎತ್ತರಕ್ಕೆ ಹೊಂದಿಕೊಳ್ಳಲು ಕೊಡುವ ಮಾತ್ರೆಗಳಿವೆ. ಅವನ್ನು ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳತಕ್ಕದ್ದು.

ಇನ್ನು ಸಾಮಾನಿನ ಪಟ್ಟಿ. ಜನವರಿಯ ರಾತ್ರಿಗಳಲ್ಲಿ ಲೇಹ್‌ನ ಉಷ್ಣತೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಲೇಸು. ಮೈಗೆ ಹತ್ತಿದ ಬಟ್ಟೆ ಹತ್ತಿಯದಾಗಿರಬಾರದು. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆ ಒಳ್ಳೆಯದು. ಬಿಳಿಯ ನೆಲದಿಂದ ಬಿಸಿಲು ಮರಳಿ ಬಡಿಯುವುದರಿಂದ ಕಪ್ಪು ಕನ್ನಡಕ ಶೋಕಿಯಲ್ಲ. ಕೋಣೆಯಲ್ಲಿ ಬುಖಾರಿಯನ್ನೋ ಗ್ಯಾಸಿನ ಒಲೆಯನ್ನೋ ಹೊತ್ತಿಸಿದರೆ ಕಿಟಕಿಯನ್ನು ಬೆರಳಗಲವಾದರೂ ತೆರೆದಿಡಬೇಕು. ಮುಚ್ಚಿದ ಕೋಣೆಯ ಹೊಗೆಯಿಲ್ಲದ ವಿಷಾನಿಲಕ್ಕೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗಾಲಿ ಬೂಟಿನಲ್ಲಿ ಪಳಗಿದವಳಿಗೆ ಅಲಗಿನ ಬೂಟಿನಲ್ಲಿ ಮುಂದೆ ಹೋಗುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಅಲಗನ್ನು ಅಡ್ಡ ತಿರುಗಿಸಿ ಮಂಜನ್ನು ಹೆರೆದು ನಿಲ್ಲಬೇಕು. ಆದುದರಿಂದ ಮೊದಲ ಗಂಟೆಯ ಪಾಠವೆಲ್ಲ ನಿಲ್ಲುವುದರದೇ. ತಲೆಗೆ ಹೆಲ್ಮೆಟ್ಟು, ಮೊಳಕಾಲಿಗೆ ಪಟ್ಟಿ, ಬೆರಳು ಮುಚ್ಚುವ ಕೈಚೀಲ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆರೆಯನ್ನು ಓದುವ ವಿದ್ಯೆ. ಗಾಜಿನಂತೆ ಸ್ವಚ್ಛವಾಗಿ, ತಳದ ಕಪ್ಪು ಕಾಣಿಸುವ ಗಡ್ಡೆ ಬಲಿಷ್ಠ. ಬೆಳ್ಳಗೆ ಮಾಸಲಾಗಿ ಕಾಣುವುದು ಹಿಮ ಬೆರೆತು ಕಟ್ಟಿದ್ದು. ಅದರ ಬಲ ಅರ್ಧ. ಸ್ವಚ್ಛವಾದ ಗಡ್ಡೆ ನಾಲ್ಕಂಗುಲ, ಎಂದರೆ 10 ಸೆಂಟಿಮೀಟರು ದಪ್ಪವಿದ್ದರೆ ಒಬ್ಬಾಳು ನಡೆಯಬಹುದೆಂದು ಶೀತದೇಶದವರ ವಾಡಿಕೆ. ಆದರೆ ಒಂದೇ ಕೆರೆಯಲ್ಲಿ ದಪ್ಪ ಒಂದೇ ಸಮನಾಗಿರುವುದಿಲ್ಲ. ತೊರೆ ಬಂದು ಸೇರುವಲ್ಲಿ, ತಳದಲ್ಲಿ ಊಟೆಯಿರುವಲ್ಲಿ, ಜೊಂಡಿನ ಸುತ್ತ, ಬಿಸಿಲಿಗೆ ಕಾದ ಬಂಡೆಯ ಪಕ್ಕದಲ್ಲಿ ಅದು ತೆಳು. ಚಳಿಗಾಲದ ಕೊನೆಯಲ್ಲಿ ದಪ್ಪವಿದ್ದರೂ ಒಳಗೆ ಪುಡಿಯಾಗಿರುತ್ತದೆ. ಕಬ್ಬಿಣದ ಸಲಾಕೆಯಿಂದ ತೂತು ಹೊಡೆದು ಅಳೆಯದೆ, ಊರಿನವರನ್ನು ಕೇಳದೆ, ಅವರು ಆಡದ ಕಡೆ ಅಡಿಯಿಡಕೂಡದು. ಒಬ್ಬರೇ ಹೋಗಕೂಡದು, ದಡದಲ್ಲಿ ಹಗ್ಗ ಹಿಡಿದು ಒಬ್ಬರು ಇರಲೇಬೇಕು. ಆಕಸ್ಮಾತ್ ಬಿರಿದು ಬಿದ್ದರೆ ಮುಂದಕ್ಕೆ ಈಜದೆ, ಬಂದ ದಿಕ್ಕಿಗೇ ತಿರುಗಬೇಕು. ನಮ್ಮನ್ನು ಅಲ್ಲಿಯವರೆಗೆ ಹೊತ್ತದ್ದು ಆ ಕಡೆಯ ಗಡ್ಡೆ. ಕಾಲು ಬಡಿಯುತ್ತ ಮೈಯನ್ನು ಮೇಲಕ್ಕೆ ಜಾರಿಸಿ, ಎದ್ದು ನಿಲ್ಲದೆ ಉರುಳುತ್ತ ದಡ ಸೇರಬೇಕು. ಇದನ್ನು ನಮ್ಮ ಹಾಲಿನ ಜಮಖಾನದ ಮೇಲೆ ಮೊಮ್ಮಗಳಿಂದ ಮೂರು ಸಲ ಮಾಡಿಸಿದೆ. ನನ್ನಾಕೆ ನಕ್ಕಳು. ನಾನು ನಗಲಿಲ್ಲ, ನನ್ನ ಕಣ್ಣ ಮುಂದೆ ಆ ಕಡಸು ಇತ್ತು.

ಇಷ್ಟು ಓದುವಾಗ ನನಗೆ ಮತ್ತೊಂದು ಅರಿವಾಯಿತು. ನಮಗೆ ಆಟದ ಬಯಲಾದದ್ದು ಅಲ್ಲಿನವರಿಗೆ ನೀರಿನ ಕಣಜ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳೆಲ್ಲ ಸೇರಿ ನೂರು ಮಿಲಿಮೀಟರಿನ ಆಸುಪಾಸು; ಬೆಂಗಳೂರಿನಲ್ಲಿ ಅದರ ಒಂಬತ್ತು ಹತ್ತು ಪಟ್ಟು. ವಸಂತದಲ್ಲಿ ಬಾರ್ಲಿ ಬಿತ್ತುವ ಹೊತ್ತಿಗೆ ಕರಗಿ ಬರುವ ನೀರೇ ಅವರ ಜೀವ. ಆ ನೀರು ಹೊತ್ತಿಗೆ ಸರಿಯಾಗಿ ಬಾರದಾದಾಗ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರು ಹಳ್ಳಿಗಳ ಮೇಲ್ಗಡೆ ಚಳಿಗಾಲದ ನೀರನ್ನು ತಡೆದು ಹೆಪ್ಪುಗಟ್ಟಿಸಿ ಕೃತಕ ಹಿಮನದಿಗಳನ್ನು ಕಟ್ಟಿದರು. ಬಳಿಕ ಸೋನಮ್ ವಾಂಗ್‌ಚುಕ್ ನೀರನ್ನು ಚಿಮ್ಮಿಸಿ ಗೋಪುರದಂತೆ ಗಟ್ಟಿಯಾಗಿಸುವ ‘ಹಿಮಸ್ತೂಪ’ಗಳನ್ನು ಎಬ್ಬಿಸಿದರು. ಪಾಂಗಾಂಗ್ ಓಟವನ್ನು ನಡೆಸಿದವರು ಅದಕ್ಕೆ ‘ಕೊನೆಯ ಓಟ’ವೆಂದು ಹೆಸರಿಟ್ಟದ್ದು, ಹಿಮ ಕರಗುತ್ತಿರುವುದನ್ನು ಜಗತ್ತಿಗೆ ನೆನಪಿಸಲೆಂದೇ. 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಲ್ಲಿ ಬಕೆಟ್ಟುಗಟ್ಟಲೆ ಬಿಸಿನೀರು ಕೇಳಬಾರದೆಂದು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೆ.

ಎಂಟು ದಿನಗಳ ಯೋಜನೆ ಹೀಗೆ ಸಿದ್ಧವಾಯಿತು. ಮೊದಲೆರಡು ದಿನ ಕೋಣೆಯಲ್ಲಿ ವಿಶ್ರಾಂತಿ. ಮೂರನೆಯ ದಿನ ಪೇಟೆಯಲ್ಲಿ ಮೆಲ್ಲನೆ ಸುತ್ತಾಟ. ನಾಲ್ಕನೆಯ ದಿನ ಕೊಳವನ್ನು ಬೂಟಿಲ್ಲದೆ ದಡದಿಂದ ನೋಡುವುದು. ಐದು, ಆರು ಆಟಕ್ಕೆ. ಏಳು ಬರಿದು, ಮೋಡ ಕವಿದರೆ ವಿಮಾನ ಹೊರಡುವುದಿಲ್ಲ. ಎಂಟು ಪ್ರಯಾಣ. ಮಗ ಇದನ್ನು ನೋಡಿ, “ಅಪ್ಪ, ಎಂಟು ದಿನ ಹೋಗಿ ಎರಡು ದಿನದ ಆಟವೇ?” ಎಂದ. ಆ ಎರಡು ದಿನವೂ ಖಂಡಿತವಲ್ಲ, ಊರಿನವರು ಬೇಡವೆಂದರೆ ಬೇಡ ಎಂದೆ. ಹೆಪ್ಪುಗಟ್ಟಿದ ಕೆರೆಗೆ ಹೊರಡುವವನು ಮೊದಲು ಸಿದ್ಧಪಡಿಸಬೇಕಾದದ್ದು ಬೂಟನ್ನಲ್ಲ, ಹೋದಂತೆಯೇ ಹಿಂದಿರುಗಲು ಒಪ್ಪುವ ಮನಸ್ಸನ್ನು. ಹಣ ತೆತ್ತಿದ್ದೇವೆ, ದೂರ ಬಂದಿದ್ದೇವೆ ಎಂಬ ಲೆಕ್ಕವನ್ನು ಚಳಿ ಕೇಳುವುದಿಲ್ಲ. ನೀರಂತೂ ಕೇಳುವುದೇ ಇಲ್ಲ.

ಆ ಮನಸ್ಸಿನ ಪರೀಕ್ಷೆ ನನಗೆ ಎಲ್ಲರಿಗಿಂತ ಮೊದಲು ನಡೆಯಿತು. ಟಿಕೆಟ್ಟು ಕೊಳ್ಳುವ ಮುನ್ನ ನಾಲ್ವರೂ ವೈದ್ಯರ ಬಳಿಗೆ ಹೋದೆವು. ನನ್ನ ರಕ್ತದೊತ್ತಡದ ಕಾಗದಗಳನ್ನೂ ಹಳೆಯ ಹೃದಯಪರೀಕ್ಷೆಯ ವರದಿಯನ್ನೂ ನೋಡಿ ಅವರು, “ಮೇಷ್ಟ್ರೇ, ನೀವು ಮಾತ್ರ ಬೇಡ” ಎಂದರು. ಎರಡು ತಿಂಗಳು ಕಾಗದದ ಮೇಲೆ ಆ ಕೊಳದ ಅಂಗುಲ ಅಂಗುಲವನ್ನೂ ಅಳೆದಿದ್ದವನಿಗೆ ಆ ಮಾತು ನಾಟಿತು. ವರ್ಡ್ಸ್‌ವರ್ತನ ಬೆಟ್ಟಗಳು ತಿರುಗುವುದನ್ನು ಒಮ್ಮೆ ನೋಡಬೇಕೆಂಬ ಆಸೆ ನನಗೂ ಇತ್ತೆಂಬುದು ಆಗಲೇ ತಿಳಿದದ್ದು. ಆದರೆ ಇತರರಿಗೆ ಬೋಧಿಸಿದ ನಿಯಮವನ್ನು ನನಗೆ ಸಡಿಲಿಸಿಕೊಳ್ಳುವುದು ಹೇಗೆ? ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದು ಮೂವರಿಗೆ ಟಿಕೆಟ್ಟು ಕೊಂಡೆ.

ಮೊಮ್ಮಗಳು ಅಂದು ರಾತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಗ್ಗೆ ನನ್ನ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಿದೆ. ನಾಲ್ಕನೆಯ ದಿನದ ಮುಂದೆ, ‘ಕೊಳವನ್ನು ನೋಡುವುದು’ ಎಂಬುದರ ಕೆಳಗೆ, ಅವಳ ಗುಂಡು ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: ‘ಎಷ್ಟು ಅಂಗುಲ ಇದೆ ಅಂತ ತಾತನಿಗೆ ಫೋನ್ ಮಾಡುವುದು. ತಾತ ಸರಿ ಅಂದ ಮೇಲೆ ಮಾತ್ರ ಬೂಟು.’

(ಬಾನುಲಿ ಭಾಷಣ)